ಅಣಬೆಯ ಅಪವಾದ

ಗೋವೆ ಇನ್ನೂ ಪೋರ್ಚುಗೀಸರ ಕೈಯಲ್ಲಿದ್ದ ಕಾಲ ಅದು. ಆಗ ದಾಂಡೇಲಿಯಲ್ಲಿ ಮಳೆ ಹಿಡಿಯಿತೆಂದರೆ ಕೊಳೆತ ಬಿದಿರಿನ ಹುಳಿವಾಸನೆ ನಮ್ಮ ಹಾಸಿಗೆಯವರೆಗೂ ಬರುತ್ತಿತ್ತು. ಅಪ್ಪ ಮತ್ತು ಅವನ ತಮ್ಮ ಈರಪ್ಪ ಕಾಕಾ ಇಬ್ಬರೂ ಪೇಪರ್ ಮಿಲ್ಲಿನಲ್ಲಿದ್ದರು. ಕ್ವಾರ್ಟರ್ಸಿನ ಹಿಂದೆ ಬಿದಿರಿನ ಸಿಪ್ಪೆ, ಕಟ್ಟಿಗೆಯ ಹೊಟ್ಟು ರಾಶಿ ಬಿದ್ದಿರುತ್ತಿತ್ತು. ಬೆಳಗಾಗುವುದರೊಳಗೆ ಆ ರಾಶಿಯ ಸುತ್ತ ಬೂದುಬಣ್ಣದ ಅಣಬೆಗಳು ಮೊಟ್ಟೆಯ ಹಾಗೆ ಮುಚ್ಚಿಕೊಂಡು ಗುಂಪುಗುಂಪಾಗಿ ಏಳುತ್ತಿದ್ದವು. ಆಮೇಲೆ ಕೊಡೆ ಬಿಚ್ಚಿ, ಅಂಚಿನಿಂದ ಕಪ್ಪಾಗುತ್ತ ಬಂದು, ಕೊನೆಗೆ ಮಸಿಯಾಗಿ ತೊಟ್ಟಿಕ್ಕುತ್ತಿದ್ದವು. ನಾವು ಮಕ್ಕಳು ಆ ಮಸಿಯಲ್ಲಿ ಕಡ್ಡಿ ಅದ್ದಿ ಒಬ್ಬರಿಗೊಬ್ಬರು ಮೀಸೆ ಬರೆಯುತ್ತಿದ್ದೆವು.

ಅವ್ವ ಹಳಿಯಾಳದ ಕಡೆಯ ಹಳ್ಳಿಯವಳು. ಯಾವ ಅಣಬೆ ತಿನ್ನಬೇಕು, ಯಾವುದನ್ನು ಮುಟ್ಟಬಾರದು ಎಂಬುದನ್ನು ತವರಿನಲ್ಲೇ ಕಲಿತಿದ್ದಳು. ಕೊಡೆ ಬಿಚ್ಚುವ ಮೊದಲೇ ಕಿತ್ತು ತಂದು, ಉಳ್ಳಾಗಡ್ಡಿ, ಬೆಳ್ಳುಳ್ಳಿ, ಖಾರದಪುಡಿ, ಒಣಕೊಬ್ಬರಿ ಹಾಕಿ ಪಲ್ಯ ಮಾಡಿದಳೆಂದರೆ ರೊಟ್ಟಿ ಎಷ್ಟಿದ್ದರೂ ಸಾಲದು. ಅಪ್ಪನ ತಾಯಿ, ನಮ್ಮ ಆಯಿ, ನವಲಗುಂದದ ಎರೆಭೂಮಿಯವಳು. "ನಾಯಿಕೊಡಿ ಮನಷ್ಯಾರು ತಿಂತಾರೇನ?" ಎಂದು ವರ್ಷಗಟ್ಟಲೆ ಮೂಗು ಮುರಿದಿದ್ದಳು. ಒಂದು ಮಳೆಗಾಲದ ಮಧ್ಯಾಹ್ನ ಮಾತ್ರ, ಅದೇನು ಮನಸ್ಸು ಬಂತೋ, ಒಂದು ತುತ್ತು ರುಚಿ ನೋಡಿ ಇನ್ನೊಂದು ರೊಟ್ಟಿ ಕೇಳಿದಳು. ಸೊಸೆಯಾಗಿ ಬಂದಾಗಿನಿಂದ ಅವ್ವ ಕಾಯುತ್ತಿದ್ದದ್ದು ಅದನ್ನೇ. ಅವಳ ಮುಖ ಅಷ್ಟು ಅರಳಿದ್ದನ್ನು ನಾನು ಅಲ್ಲಿಯವರೆಗೆ ನೋಡಿರಲಿಲ್ಲ.

ಕಾಕಾ ಫಸ್ಟ್ ಶಿಫ್ಟ್ ಮುಗಿಸಿ ತಡವಾಗಿ ಬಂದ. ನಮ್ಮದೆಲ್ಲ ಊಟವಾಗಿತ್ತು. ಅವ್ವನ ಜೊತೆ ನಾನೂ ಅವನಿಗೆ ಬಡಿಸಿದೆ. ಉಂಡು ಅಡ್ಡಾದವನು ಸ್ವಲ್ಪ ಹೊತ್ತಿನಲ್ಲೇ ಎದ್ದು ಕೂತ. ಮುಖ, ಕುತ್ತಿಗೆ ಕೆಂಪಗೆ ಕೆಂಡವಾಗಿದ್ದವು. ಎದೆ ಹಿಡಿದುಕೊಂಡು ಹಿತ್ತಲಿಗೆ ಓಡಿ ವಾಂತಿ ಮಾಡಿದ.

"ಅಣಬಿ ಇಸಾ ಏರೇತಿ! ನನ್ನ ಮಗನ್ನ ಕೊಂದಳಲ್ಲೋ ಇಕಿ!" ಆಯಿ ಬಾಯಿ ಬಡಿದುಕೊಂಡಳು.

"ನಾವೂ ಅದನ್ನ ತಿಂದೇವಲ್ರೀ ಅತ್ತಿ, ನೀವೂ ತಿಂದೀರಿ," ಎಂದಳು ಅವ್ವ.

"ಅವಂದು ನಾಜೂಕ ಹೊಟ್ಟಿ!"

ನಾಜೂಕು ಹೊಟ್ಟೆಯಂತೆ! ಸಂತೆಯಿಂದ ತಂದ ಮಿರ್ಚಿಭಜಿಯ ಪೊಟ್ಟಣವನ್ನು ಒಬ್ಬನೇ ಖಾಲಿ ಮಾಡುವ ಹೊಟ್ಟೆ ಅದು. ನನಗೆ ತಡೆಯಲಾಗಲಿಲ್ಲ. "ಆಯಿ, ಕಾಕಾನ ಬಾಯಾಗ ಕೊಳತ ಗೇರಹಣ್ಣಿನ ವಾಸನಿ ಬರತಿತ್ತು," ಅಂದುಬಿಟ್ಟೆ.

ಅಪ್ಪನ ಅಂಗೈ ನನ್ನ ಬಾಯಿ ಮುಚ್ಚಿತು. ಆಗ ದಾರೂಬಂದಿ ಇತ್ತು. ಜೋಯಿಡಾ ಕಾಡಿನ ಹಾದಿಯಲ್ಲಿ ಗೋವೆಯ ಫೆಣಿ, ಅದೇ ಗೇರುಹಣ್ಣಿನ ಸಾರಾಯಿ, ಕದ್ದು ಬರುತ್ತಿತ್ತು. ಕುಡಿದದ್ದು ಹೊರಗೆ ಬಿದ್ದರೆ ಪೊಲೀಸರು, ಆಮೇಲೆ ನೌಕರಿಗೂ ಕುತ್ತು. "ಇನ್ನೊಮ್ಮೆ ಆ ಮಾತ ಆಡಿದ್ರ ನಾಲಗಿ ಕಿತ್ತೇನ ಹುಡುಗೀ," ಎಂದು ಅಪ್ಪ ಕಿವಿಯಲ್ಲಿ ಹೇಳಿದ. ಕಾಕಾ ಕಣ್ಣು ಮುಚ್ಚಿ ಬಿದ್ದುಕೊಂಡಿದ್ದ. ಎಲ್ಲ ಕೇಳಿಸಿಕೊಂಡೂ ಗೋಡೆಯ ಕಡೆ ಹೊರಳಿದ.

ಮರುದಿನ ಬೆಳಿಗ್ಗೆ ಬುಟ್ಟಿಯಲ್ಲಿ ಉಳಿದಿದ್ದ ಅಣಬೆಗಳೆಲ್ಲ ಕರಗಿ ನೆಲದ ಮೇಲೆ ಕರಿನೀರು ಹರಿದಿತ್ತು. ಆಯಿ ನೆರೆಮನೆಯ ಹೆಂಗಸರನ್ನೆಲ್ಲ ಕರೆದು ತೋರಿಸಿದಳು. "ನೋಡ್ರೆವ್ವಾ, ಇಸಾ ಹೆಂಗ ಹರದೈತಿ!" ಅದು ದಿನಾ ಹಾಗೇ ಆಗುತ್ತದೆ ಎಂದು ನಾನು ಕೂಗಿ ಹೇಳಿದೆ. ಕೇಳುವವರು ಯಾರು? ಎರಡು ದಿನ ಬಿಟ್ಟು, ಅಣಬೆಯ ಚೂರೂ ಮುಟ್ಟದ ಕಾಕಾ ಹೊರಗಿನಿಂದ ಮತ್ತೆ ಕೆಂಪು ಮುಖ ಹೊತ್ತು ಬಂದ. "ಇಸಾ ಇನ್ನೂ ಇಳದಿಲ್ಲ," ಅಂದಳು ಆಯಿ. ಅಂದಿನಿಂದ ಕಾಕಾನ ತಾಟಿಗೆ ಅವ್ವ ಕೈ ಹಚ್ಚುವಂತಿರಲಿಲ್ಲ. ಅವ್ವ ಮಾಡಿದ ಸೊಪ್ಪಿನ ಪಲ್ಯವನ್ನೂ ಆಯಿ ಮೂಸಿ ನೋಡಿಯೇ ಉಣ್ಣುತ್ತಿದ್ದಳು, ಸಾಯುವವರೆಗೂ. ಅದನ್ನು ನೆನೆದರೆ ಈಗಲೂ ನನಗೆ ಸಿಟ್ಟು ನೆತ್ತಿಗೇರುತ್ತದೆ.

ಆಯಿ ಹೋದ ಮರುವರ್ಷ ನಾನು ಧಾರವಾಡದಲ್ಲಿ ಕಾಲೇಜು ಓದುತ್ತಿದ್ದೆ. ಸಸ್ಯಶಾಸ್ತ್ರದ ಪಾಠದಲ್ಲಿ ಒಂದು ದಿನ ಅದೇ ಅಣಬೆ ಬಂತು. ಅದು ಕೊಳೆಯುವುದಲ್ಲವಂತೆ, ಬೀಜಕಣಗಳು ಗಾಳಿಗೆ ಹಾರಲೆಂದು ತನ್ನನ್ನು ತಾನೇ ಅಂಚಿನಿಂದ ಕರಗಿಸಿಕೊಳ್ಳುತ್ತದಂತೆ. ಅದರೊಳಗಿನ ಒಂದು ರಾಸಾಯನಿಕ ಕುಡಿಯದವರಿಗೆ ಏನೂ ಮಾಡುವುದಿಲ್ಲ. ಕುಡಿದವರ ಮೈಯಲ್ಲಿ ಮಾತ್ರ ಮದ್ಯ ಪೂರ್ತಿ ಕರಗದಂತೆ ನಡುವೆಯೇ ತಡೆಯುತ್ತದೆ. ಆ ಅರ್ಧಕ್ಕೆ ನಿಂತ ವಿಷ ರಕ್ತದಲ್ಲಿ ಉಳಿದು ಮುಖ ಕೆಂಪಾಗಿಸುತ್ತದೆ, ಎದೆ ಡವಗುಟ್ಟಿಸುತ್ತದೆ, ವಾಂತಿ ಮಾಡಿಸುತ್ತದೆ. ಅಣಬೆ ತಿಂದು ಎರಡು ಮೂರು ದಿನವಾದ ಮೇಲೆ ಕುಡಿದರೂ ಅದೇ ಪಾಡು. ನಾನು ಬೆಂಚಿನ ಮೇಲೆ ಚಡಪಡಿಸುತ್ತ ಕೂತಿದ್ದೆ.

ಶನಿವಾರದ ಬಸ್ಸಿಗೆ ಊರಿಗೆ ಓಡಿದೆ. ಕಾಕಾ ಅಡುಗೆಮನೆಯ ಬಾಗಿಲಲ್ಲಿ ಚಹಾ ಕುಡಿಯುತ್ತಿದ್ದ. ಅವನೆದುರಿಗೇ ಅವ್ವನಿಗೆ ಎಲ್ಲವನ್ನೂ ಒಂದೇ ಉಸಿರಿಗೆ ಹೇಳಿದೆ. ಅವನು ನಕ್ಕ. "ಹೌದವಾ, ಅವತ್ತ ಒಂಚೂರು ಹಾಕಿದ್ದೆ. ಅದಕ್ಕೇನೀಗ?"

ಅವ್ವ ಹಂಚಿನ ಮೇಲಿನ ರೊಟ್ಟಿ ಹೊರಳಿಸಿದಳು. "ಅತ್ತಿ ಇದ್ದಾಗ ಇದೊಂದ ಮಾತ ಆಡಬೇಕಿತ್ತಲ್ಲೋ ಈರಪ್ಪಾ. ಈಗ ಯಾರಿಗೆ ಹೇಳ್ಲಿ?"

ಮುಂದಿನ ಮಳೆಗಾಲದಲ್ಲಿ, ಅಣಬೆ ಆರಿಸುವುದನ್ನು ನನಗೆ ಕಲಿಸು ಎಂದು ಅವಳಿಗೆ ದುಂಬಾಲು ಬಿದ್ದೆ.

"ಬ್ಯಾಡ," ಅಂದಳು. "ನಾಳೆ ನಿನ್ನ ಅತ್ತಿ ಮನ್ಯಾಗ ಯಾರಿಗರ ತಲಿ ತಿರುಗಿದ್ರ ನಿನ್ನ ಹೆಸರ ಬರತೈತಿ."

ಕಣ್ಣೀರು ಹಾಕಿದೆ, ಜಗಳಾಡಿದೆ, ಊಟ ಬಿಟ್ಟೆ. ಅವ್ವ ಕಲಿಸಲಿಲ್ಲ, ತಾನೂ ಮತ್ತೆ ಮಾಡಲಿಲ್ಲ. ಈಗ ಅವಳೂ ಇಲ್ಲ. ಪೇಟೆಯ ಬಿಳಿ ಅಣಬೆ ತಂದು ಅದೇ ಮಸಾಲೆ ಹಾಕಿ ನೋಡಿದ್ದೇನೆ, ನಾಲಗೆಗೆ ಹತ್ತುವುದಿಲ್ಲ. ಮಳೆಗಾಲದಲ್ಲಿ ದಾಂಡೇಲಿಗೆ ಹೋದರೆ ದಾರಿಬದಿಯಲ್ಲಿ ಬಗೆಬಗೆಯ ಅಣಬೆ ಎದ್ದಿರುತ್ತವೆ. ಅವು ಹೇಗೆ ಹುಟ್ಟುತ್ತವೆ, ಯಾತಕ್ಕೆ ಕರಗುತ್ತವೆ ಎಂದು ಜೀವನವಿಡೀ ಶಾಲೆಯ ಮಕ್ಕಳಿಗೆ ಪಾಠ ಹೇಳಿದವಳು ನಾನು. ಒಂದನ್ನಾದರೂ ಕಿತ್ತು ಒಲೆಗೆ ತರುವ ಧೈರ್ಯ ನನಗಿಲ್ಲ.