ಹಳದಿ ಸುತ್ತಿನ ಒಳಗಿನ ಚುಕ್ಕಿ

ನಾನು ಅಜ್ಜಿಯಾದೆ! ಇವತ್ತು ಮಧ್ಯಾಹ್ನ ಮಗಳು ಐದು ದಿನದ ಕೂಸನ್ನು ಎತ್ತಿಕೊಂಡು ಆಸ್ಪತ್ರೆಯಿಂದ ದಾಂಡೇಲಿಯ ನಮ್ಮ ಮನೆಗೆ ಬಂದಳು. ಹೆಣ್ಣು ಕೂಸು. ತಲೆ ತುಂಬ ಕೂದಲು. ಮುಷ್ಟಿ ಬಿಚ್ಚಿ ಬೆರಳು ಎಣಿಸಿದೆ, ಮತ್ತೊಮ್ಮೆ ಎಣಿಸಿದೆ.

"ಅವ್ವಾ, ಮೂಗು ಮಾತ್ರ ನಿನ್ನಂಗ ಮೊಂಡ ಆಗೇತಿ ನೋಡು," ಅಂದಳು ಮಗಳು.

"ಆಗ್ಲಿ ಬಿಡು, ಮಂದಿ ವಿಷಯಕ್ಕ ಮೂಗು ಹಾಕಾಕ ಆಗೂದಿಲ್ಲ," ಅಂದೆ.

ಎದುರು ಮನೆಯಾಕೆಗೆ ಹೇಳಿದೆ, ಹಾಲಿನವನಿಗೆ ಹೇಳಿದೆ, ಕೇಳದ ರಿಕ್ಷಾದವನಿಗೂ ಹೇಳಿದೆ. ನನ್ನ ಸ್ವಂತ ಅಣ್ಣನಿಗೆ ಮಾತ್ರ ಹೇಳಲಿಲ್ಲ. ಏನೂ ತಿಳಿಯದ ಮಗಳು ತಾನೇ ಫೋನ್ ಮಾಡಿ, ಬಂಗೂರನಗರದಿಂದ ಅವನನ್ನು ಊಟಕ್ಕೆ ಕರೆದಳು.

ತಾನು ದುಡಿಯುವಲ್ಲೇ ನನ್ನನ್ನು ಕೆಲಸಕ್ಕೆ ಹಚ್ಚಿದವನು ಅಣ್ಣನೇ. ಕಬ್ಬಿಣದ ಸಾಮಾನನ್ನು ಭಟ್ಟಿಯಲ್ಲಿ ಕೆಂಪಗೆ ಕಾಯಿಸಿ, ಎಣ್ಣೆಯಲ್ಲಿ ಅದ್ದಿ ಗಟ್ಟಿ ಮಾಡುವ ಸಣ್ಣ ವರ್ಕ್‌ಶಾಪು ಅದು. ಗಟ್ಟಿಯಾಯಿತೋ ಇಲ್ಲವೋ ಅಂತ ಅಣ್ಣ ಮಷೀನಿನಲ್ಲಿ ಒತ್ತಿ ನೋಡುತ್ತಿದ್ದ. ಒತ್ತಿದಲ್ಲಿ ಸಾಸಿವೆಗಿಂತ ಸಣ್ಣ ಚುಕ್ಕಿ ಬೀಳುತ್ತದೆ. ಅದನ್ನು ಒರೆಸಿ, ಸುತ್ತ ಹಳದಿ ಬಣ್ಣದಲ್ಲಿ ಒಂದು ಸುತ್ತು ಎಳೆಯುವುದು ನನ್ನ ಕೆಲಸ. ಇದು ಪೆಟ್ಟಲ್ಲ, ಪರೀಕ್ಷೆ ಮಾಡಿದ ಗುರುತು ಅಂತ ಗಿರಾಕಿಗೆ ತಿಳಿಯಬೇಕಲ್ಲ. ಮಷೀನಿನ ಅಂಕಿ ನನಗೆ ಅರ್ಥವಾಗುತ್ತಿರಲಿಲ್ಲ. ಆದರೆ ಒಂಬತ್ತು ವರ್ಷ ಒರೆಸಿದ ಕೈಗೆ ಚುಕ್ಕಿ ಗೊತ್ತಿತ್ತು.

ಹೋದ ತಿಂಗಳು ಹಳಿಯಾಳದಿಂದ ಕಬ್ಬಿನ ಟ್ರೇಲರನ್ನು ಟ್ರ್ಯಾಕ್ಟರಿಗೆ ಜೋಡಿಸುವ ಪಿನ್ನುಗಳು ಬಂದವು. ಒಂದೊಂದನ್ನೂ ಒತ್ತಿ ನೋಡಿಯೇ ಕೊಡಬೇಕು ಅಂತ ಗಿರಾಕಿ ಹೇಳಿದ್ದ. ನಾನು ಒರೆಸುವಾಗ ಬಟ್ಟೆಯ ನೂಲು ಚುಕ್ಕಿಗೆ ಸಿಕ್ಕಿತು. ಮಷೀನಿನ ಚುಕ್ಕಿ ಹಾಗೆ ನೂಲು ಹಿಡಿಯುವುದಿಲ್ಲ. ಇವುಗಳಲ್ಲಿ ಒಂದು ಆಳ, ಇನ್ನೊಂದು ಓರೆ, ಅಂಚು ಬೇರೆ ಎದ್ದಿತ್ತು. ಮಷೀನಿನಲ್ಲಿ ಒತ್ತದೆ, ಸುತ್ತಿಗೆ ಮತ್ತು ಚೂಪು ಮೊನೆಯ ಪಂಚು ಹಿಡಿದು ಕುಟ್ಟಿದ ಚುಕ್ಕಿಗಳು.

"ಅಣ್ಣಾ, ಇವು ಮಷೀನಿನವು ಅಲ್ಲಲ್ಲ?"

"ಬಾಳ ಶಾಣ್ಯಾಕಿ ಆಗೀದಿ. ಸುತ್ತು ಹಾಕು, ಸಾಕು."

ಅಣ್ಣ ಹೇಳಿದ ಅಂತ ಹಾಕಿದೆ. ಅದು ನನ್ನ ತಪ್ಪೇ.

ಎಂಟು ದಿನಕ್ಕೆ ಮೂರು ಪಿನ್ನು ಬಾಗಿ ವಾಪಸು ಬಂದವು. ಮಾಲಕರು ಇಬ್ಬರನ್ನೂ ಕರೆದರು. ನಾನು ಬಾಯಿ ತೆರೆಯುವ ಮೊದಲೇ ಅಣ್ಣ ಹೇಳಿಬಿಟ್ಟ: "ಈಕಿ ಆ ಟ್ರೇ ನನ್ನ ಕಡೆ ತರೂದ ಮರತಾಳ್ರೀ. ಆಮ್ಯಾಲ ಹೆದರಿ ತಾನ ಪಂಚ್ ಹೊಡದಾಳ. ಸಾಲಿ ಕಲಿತಿಲ್ಲ, ಏನ ತಿಳೀಬೇಕ್ರಿ ಈಕಿಗೆ?"

ಕುಟ್ಟಿದವರು ಯಾರು ಅಂತ ಚುಕ್ಕಿಯಲ್ಲಿ ಬರೆದಿರುವುದಿಲ್ಲ. ಸುತ್ತು ಮಾತ್ರ ನನ್ನದು.

"ನಾಳಿಂದ ಬರಬ್ಯಾಡವಾ," ಅಂದರು ಮಾಲಕರು.

ಕೆಲಸ ಹೋದದ್ದಕ್ಕೆ ಅಷ್ಟು ನೋವಾಗಲಿಲ್ಲ. ಅಣ್ಣ ಓದಲಿ ಅಂತಲೇ ನನ್ನನ್ನು ಎರಡನೇ ಇಯತ್ತೆಗೆ ಸಾಲಿ ಬಿಡಿಸಿ ಎಮ್ಮೆಯ ಹಿಂದೆ ಕಳಿಸಿದ್ದರು. ಓದಿಲ್ಲ ಅನ್ನುವುದನ್ನೇ ಹಿಡಿದು ಅವನು ನನ್ನನ್ನು ಮೋಸಗಾತಿ ಮಾಡಿದ. ಮಗಳು ಆಗ ತುಂಬಿದ ಬಸುರಿ, ಹಾಗಾಗಿ ಮನೆಯಲ್ಲಿ ಬಾಯಿ ಬಿಡಲಿಲ್ಲ. ಕಾಲು ನೋವು, ಕೆಲಸ ಬಿಟ್ಟೆ ಅಂದೆ.

ಸಂಜೆ ಅಣ್ಣ ಪೇಡೆ ತಂದ. ಕೂಸಿನ ಕೈಯಲ್ಲಿ ಬೆರಳು ಇಟ್ಟು ನಕ್ಕ. ಪಾಳಾ ಊರಿನಿಂದ ಬಂದ ಅಳಿಯ, ಮಗಳು, ಅಣ್ಣ, ಅತ್ತಿಗೆ ಎಲ್ಲರೂ ಊಟಕ್ಕೆ ಕೂತರು. ಬಡಿಸುತ್ತಿದ್ದ ನನ್ನನ್ನು ನೋಡಿ ಅಣ್ಣ, "ಸೋಮವಾರದಿಂದ ಕೆಲಸಕ್ಕ ಬಾರವಾ. ಮಾಲಕರಿಗೆ ನಾ ಹೇಳ್ತೇನಿ," ಅಂದ.

"ಏನಂತ ಹೇಳ್ತಿ?"

"ಇನ್ನೊಮ್ಮೆ ಹಂಗ ಮಾಡೂದಿಲ್ಲ ಅಂತ."

ಸೌಟನ್ನು ಪಾತ್ರೆಯಲ್ಲಿ ಇಟ್ಟೆ.

"ಪಂಚ್ ಹೊಡದಾಂವ ನಾನ ಅಂತ ಹೇಳು, ಬರ್ತೇನಿ."

ಅಣ್ಣ ಅನ್ನ ಕಲಸುತ್ತಲೇ ಇದ್ದ. "ಏನ್ರೀ ಅತ್ತಿ, ಏನಾತು?" ಅಂದ ಅಳಿಯ. ನಿಂತಲ್ಲೇ ಎಲ್ಲವನ್ನೂ ಹೇಳಿದೆ. ಅತ್ತಿಗೆ ಅಣ್ಣನ ಮುಖ ನೋಡಿದಳು, ಅವನು ಯಾರ ಮುಖವನ್ನೂ ನೋಡಲಿಲ್ಲ. ಮಗಳು ಸರಿದು ತನ್ನ ಪಕ್ಕದಲ್ಲಿ ಜಾಗ ಮಾಡಿ, "ಅವ್ವಾ, ಬಾ, ಕುಂಡ್ರು," ಅಂದಳು.

"ಸ್ವಲ್ಪ ಸಾರು," ಅಂದ ಅಣ್ಣ ಮೆಲ್ಲಗೆ.

ಪಾತ್ರೆಯನ್ನು ನಡುವೆ ಇಟ್ಟೆ. "ಬೇಕಾದಷ್ಟು ನೀನ ಹಾಕ್ಕೊ," ಅಂದು ಮಗಳ ಪಕ್ಕದಲ್ಲಿ ಕೂತೆ. ಬಾಣಂತಿಗೆ ಮಾಡಿದ ಅಳವಿ ಬೀಜದ ಪಾಯಸವನ್ನು ಅವಳು ನನ್ನ ತಾಟಿಗೂ ಸುರಿದಳು. ಕೂಸನ್ನು ನನ್ನ ತೊಡೆಯ ಮೇಲೆ ಮಲಗಿಸಿಕೊಂಡೆ. ಎಲ್ಲರೂ ಉಂಡೆವು.