ಎಲ್ಲರೂ ನೀರು ಕುದಿಸುವ ಓಣಿ

ತಂಗಿಗೆ ಹೇಳಬೇಕಾಗಿದ್ದ ಒಂದು ನಿಜವನ್ನು ನಾನು ಹೇಳಬೇಕಾದ ಹೊತ್ತಿಗೆ ಹೇಳಲಿಲ್ಲ. ಹೇಳಿದ್ದರೆ ಅವಳ ಪಿಎಚ್‌ಡಿ ಒಂದು ವರ್ಷ ಮೊದಲೇ ಮುಗಿಯುತ್ತಿತ್ತು.

ತೊಂಬತ್ತರ ದಶಕದ ಕೊನೆಯ ಮಾತು. ಏಳನೇ ಇಯತ್ತೆಗೆ ಶಾಲೆ ಬಿಟ್ಟ ನಾನು ವಿಜಾಪುರದ ಕಡೆಯಿಂದ ಪುಣೆಗೆ ಬಂದು ಕೊಂಢವಾದಲ್ಲಿ ಹಿಟ್ಟಿನ ಗಿರಣಿ ಹಾಕಿಕೊಂಡಿದ್ದೆ. ತಂಗಿ ನಮ್ಮ ಮನೆಯಲ್ಲಿದ್ದುಕೊಂಡು ಎಪಿಡೆಮಿಯಾಲಜಿ ಓದುತ್ತಿದ್ದಳು. ಆ ಹೆಸರು ನನ್ನ ನಾಲಿಗೆಗೆ ಹತ್ತಲಿಲ್ಲವಾಗಿ ಗಿರಾಕಿಗಳಿಗೆಲ್ಲ ಅವಳು ಡಾಕ್ಟರ್ ಆಗುತ್ತಾಳೆ ಎಂದಷ್ಟೇ ಹೇಳಿದೆ. ಮರುದಿನದಿಂದ ಜೋಳದ ಡಬ್ಬಿಗಳ ಹಿಂದೆಯೇ ಮೊಣಕಾಲು ನೋವುಗಳೂ ಗಿರಣಿಗೆ ಬರತೊಡಗಿದವು. ತಾನು ಔಷಧಿ ಕೊಡುವವಳಲ್ಲ, ಜಡ್ಡು ಯಾವ ಮನೆಗೆ ಬಂತು, ಯಾವ ಮನೆಗೆ ಬರಲಿಲ್ಲ, ಎರಡೂ ಮನೆಗಳಿಗೆ ಏನು ವ್ಯತ್ಯಾಸ ಎಂದು ಹುಡುಕುವವಳು ಎಂದು ತಂಗಿ ನನಗೆ ಬಿಡಿಸಿ ಹೇಳಿದಳು.

"ಅಂದ್ರ ಪೊಲೀಸ್ ಕೆಲಸ," ಎಂದೆ.

"ಹೌದು. ಲಾಠಿ ಇಲ್ಲ ಅಷ್ಟ."

ಆ ಮಳೆಗಾಲ ನಮ್ಮ ಓಣಿಯ ಮಕ್ಕಳಲ್ಲಿ ವಾಂತಿಭೇದಿ ಹರಡಿತ್ತು. ಕುಡಿಯುವ ನೀರು ಕುದಿಸುತ್ತೀರಾ, ಕೈ ಹೇಗೆ ತೊಳೆಯುತ್ತೀರಿ ಎಂದು ಅವಳು ತನ್ನ ಪಿಎಚ್‌ಡಿಗಾಗಿ ಮನೆಮನೆಗೆ ಹೋಗಿ ಕೇಳುವವಳಿದ್ದಳು. ನನಗೆ ಚಿಂತೆ ಹತ್ತಿತು. ಇಷ್ಟು ಓದಿದ ಹುಡುಗಿಗೆ, ಅಣ್ಣ ಎಂಥ ಜನರ ನಡುವೆ ಇದ್ದಾನಪ್ಪ ಅನ್ನಿಸಬಾರದಲ್ಲ. ಹಿಟ್ಟು ಬೀಸಿಸಲು ಬಂದ ಹೆಂಗಸರಿಗೆಲ್ಲ ಮರಾಠಿಯಲ್ಲಿ ಮೊದಲೇ ತಾಕೀತು ಮಾಡಿದೆ: ಕುದಿಸುತ್ತೇವೆ ಅನ್ನಿ, ಸಾಬೂನು ಹಚ್ಚುತ್ತೇವೆ ಅನ್ನಿ, ಓಣಿಯ ಮಾನ ಕಾಯಿರಿ.

ಅವರು ಕಾದರು. ಬೇಕಾದ್ದಕ್ಕಿಂತ ಹೆಚ್ಚೇ ಕಾದರು. ಮೂಲೆಮನೆಯ ಮುದುಕಿಯಂತೂ ತನ್ನ ಎಮ್ಮೆಗೂ ಕುದಿಸಿ ಆರಿಸಿದ ನೀರನ್ನೇ ಕುಡಿಸುವುದಾಗಿ ಹೇಳಿದಳಂತೆ.

ಒಂದು ಸಂಜೆ ತಂಗಿ ಗಿರಣಿಗೆ ಬಂದು ಗೋಧಿಚೀಲದ ಮೇಲೆ ಕೂತಳು. "ಅಣ್ಣಾ, ಜಡ್ಡು ಬಂದ ಮನ್ಯಾಗೂ ಕುದಸತಾರ, ಆರಾಮ ಇದ್ದ ಮನ್ಯಾಗೂ ಕುದಸತಾರ. ಈ ಓಣಿಗೆ ಸ್ಟೋವಿಗೆ ಹಾಕಾಕ ಇಷ್ಟು ಚಿಮಣಿ ಎಣ್ಣಿ ಎಲ್ಲಿಂದ ಬರತದ?"

ಗಿರಣಿಯ ಪಟ್ಟಾ ಸಡಿಲಾಗಿದೆ ಎಂಬಂತೆ ನಾನು ಅದನ್ನೇ ಬಿಗಿಮಾಡತೊಡಗಿದೆ. ಆಗಿನ್ನೂ ಮಳೆ ಮುಗಿದಿರಲಿಲ್ಲ. ಅವತ್ತೇ ಹೇಳಿದ್ದರೆ ಮತ್ತೊಮ್ಮೆ ಕೇಳಿಕೊಂಡು ಬರುತ್ತಿದ್ದಳು. ಆದರೆ ತಂಗಿಯ ಮುಂದೆ ಸಣ್ಣವನಾಗುವ ಧೈರ್ಯ ನನಗಿರಲಿಲ್ಲ.

ಎಲ್ಲರ ಉತ್ತರವೂ ಒಂದೇ ಆದರೆ ಅದರಿಂದ ಏನೂ ತಿಳಿಯುವುದಿಲ್ಲ, ಮುಂದಿನ ಮಳೆಗಾಲಕ್ಕೆ ಬೇರೆ ಓಣಿ ನೋಡು ಎಂದರು ಅವಳ ಮಾರ್ಗದರ್ಶಕರು. ತಪ್ಪು ತಾನು ಕೇಳಿದ ರೀತಿಯಲ್ಲೇ ಇದೆ ಎಂದುಕೊಂಡು ಅವಳು ಕನ್ನಡಿಯ ಮುಂದೆ ನಿಂತು ಮರಾಠಿ ಪ್ರಶ್ನೆಗಳನ್ನು ತಿರುತಿರುಗಿ ಹೇಳಿ ನೋಡುತ್ತಿದ್ದಳು. ನಾನು ಚಹಾ ತಂದುಕೊಟ್ಟೆ. ಅಷ್ಟಕ್ಕೇ ಸುಮ್ಮನಾಗಲಿಲ್ಲ, ನಿನ್ನ ಮರಾಠಿ ಇನ್ನೂ ಸ್ವಲ್ಪ ಸುಧಾರಿಸಬೇಕು ಎಂದು ಬುದ್ಧಿಯನ್ನೂ ಹೇಳಿದೆ.

ಒಂದು ವರ್ಷ ತಡವಾಗಿ ಅವಳಿಗೆ ಪದವಿ ಬಂತು. ಪಾಠ ಹೇಳುವ ಕೆಲಸವೂ ಸಿಕ್ಕಿತು. ಓಣಿಗೆಲ್ಲ ಪೇಢೆ ಹಂಚಿದವನು ನಾನೇ. ಎಲ್ಲರೂ ಚೆನ್ನಾಗಿ ತಿಂದರು, ನನ್ನ ಪಾಲಿನದನ್ನು ಮಾತ್ರ ಮೂಲೆಮನೆಯ ಮುದುಕಿಗೆ ಕೊಟ್ಟುಬಿಟ್ಟೆ.

ಕೆಲವು ವರ್ಷಗಳ ಮೇಲೆ, ಗಿರಣಿಯಲ್ಲಿ ಸರದಿ ತುಂಬಿದ್ದಾಗ ಅವಳು ನಗುತ್ತ ಬಂದಳು. ನನ್ನ ಕಿವಿಯ ಹತ್ತಿರ ಬಾಯಿ ತಂದು ಕೂಗಿ ಹೇಳಿದಳು. "ನನ್ನ ಕೈಯಾಗ ಒಬ್ಬಾಕಿ ಪಿಎಚ್‌ಡಿ ಮಾಡಾಕತ್ತಾಳ. ಪ್ರಶ್ನಿ ಕೇಳಾಕ ನಿಮ್ಮ ಓಣಿಗೇ ಬರತಾಳ. ನೀ ಮೊದಲ ಎಲ್ಲಾರಿಗೂ ಒಂದು ಮಾತು ಹೇಳಿಡು ಅಣ್ಣಾ. ನಿನ್ನ ಮಾತು ಇಲ್ಲಿ ಯಾರೂ ಮೀರಂಗಿಲ್ಲ."

ಅದು ನನಗಿಂತ ಚೆನ್ನಾಗಿ ಯಾರಿಗೆ ಗೊತ್ತು. ಇನ್ನೊಬ್ಬ ಹುಡುಗಿಯ ವರ್ಷವೂ ನನ್ನ ಗಿರಣಿಯಲ್ಲೇ ಪುಡಿಯಾಗುವುದು ಕಣ್ಣಿಗೆ ಕಟ್ಟಿತು. ಹಿಟ್ಟು ಬೀಳುವ ಕಡೆಗೆ ನೋಡುತ್ತ ನಿಜವನ್ನು ಬಾಯೊಳಗೇ ಹೇಳಿದೆ. ಗಿರಣಿಯ ಸಪ್ಪಳಕ್ಕೆ ಅವಳಿಗೆ ಕೇಳಿಸಲಿಲ್ಲ. ಏನಂದಿ ಎಂದಳು.

ಮೋಟಾರು ಬಂದ್ ಮಾಡಿದೆ. ಕಲ್ಲು ನಿಲ್ಲುವ ತನಕ ಕಾದೆ. ಸರದಿಯಲ್ಲಿದ್ದ ಹೆಂಗಸರೆಲ್ಲ ನನ್ನ ಕಡೆ ತಿರುಗಿದರು.

"ಆ ವರ್ಷ ಇವರೆಲ್ಲಾರಿಗೂ ಸುಳ್ಳು ಹೇಳ್ರಿ ಅಂತ ಕಲಿಸಿದಾಂವ ನಾನ. ನಿನ್ನ ಮರಾಠಿ ಛಲೋನ ಇತ್ತು. ತಪ್ಪಾತು, ತಂಗಿ."