ಒಂದು ಆರ್ಡರು, ಮೂರು ಪಿಕಪ್ ಸೌತೆಕಾಯಿ

ಗಲ್ಫಿನ ಇಂಟರ್‌ನ್ಯಾಷನಲ್ ಸಿಟಿಯ ನನ್ನ ಮೆಸ್ಸಿನ ಮುಂದೆ ಒಂದರ ಹಿಂದೊಂದು ಮೂರು ಪಿಕಪ್ ಬಂದು ನಿಂತವು. ಮೂರರಲ್ಲೂ ಮಂಗಳೂರು ಸೌತೆ! ನಾನು ಕೇಳಿದ್ದು ಒಂದೇ ಲೋಡು. ಸಗಟು ವ್ಯಾಪಾರಿ ಫೋನಿನಲ್ಲಿ, "ವಾಪಸ್ ಮಾಫಿ", ಹಿಂದಕ್ಕೆ ತಗೊಳ್ಳುವುದಿಲ್ಲ, ಎಂದುಬಿಟ್ಟ. ಇಷ್ಟನ್ನೂ ಕೊಳೆಯಲು ಬಿಡುವುದೇ?

ಹಿಂದಿನ ದಿನ ಅವನ ವೆಬ್‌ಸೈಟಿನ ಆರ್ಡರ್ ಫಾರ್ಮು ತೆರೆದಿರಲಿಲ್ಲ. ನಮ್ಮಲ್ಲಿ ಉಣ್ಣುವ ಎಂಜಿನಿಯರ್ ಸುರೇಶ ಲ್ಯಾಪ್‌ಟಾಪಿನ ಕಪ್ಪು ಪರದೆಯಲ್ಲಿ ಫಾರ್ಮಿನ ವಿವರವನ್ನೆಲ್ಲ ಒಂದೇ ಸಾಲಿನ ಕಮಾಂಡ್ ಮಾಡಿ ಕಳಿಸಿ, ಕೈ ತೊಳೆಯಲು ಹೋದ. ಪರದೆ ಏನೂ ಹೇಳಲಿಲ್ಲ. ಚೌಕಾಸಿಯಲ್ಲಿ ಎದುರಿನವ ಸುಮ್ಮನಾದರೆ ಮತ್ತೆ ಕೇಳುವವ ನಾನು. ಅದೇ ಸಾಲನ್ನು ಇನ್ನೆರಡು ಸಲ ಕಳಿಸಿದ್ದೆ.

"ಎಂತ ಮಾರಾಯ್ರೆ, ಅದು ಸುಮ್ಮನಿದ್ರೆ ಆರ್ಡರ್ ಹೋಗಿದೆ ಅಂತಲೇ!" ಪಿಕಪ್ ನೋಡಿ ಸುರೇಶ ತಲೆ ಚಚ್ಚಿಕೊಂಡ.

ಕೊಳೆಯದಿರಲೆಂದು ಊರಿನಂತೆ ಸೌತೆಗಳಿಗೆ ಹಗ್ಗ ಕಟ್ಟಿ ಸೀಲಿಂಗಿಗೆ ತೂಗುಹಾಕಿದೆವು. ಕಂಡವರೆಲ್ಲ ಮನೆ ನೆನೆದು ಕೊಂಡೊಯ್ದರು, ಖಲಾಸ್. ಒಂದು ಮಾತ್ರ ಗಲ್ಲಾದ ಮೇಲೆ ಇನ್ನೂ ತೂಗುತ್ತಿದೆ. ಎಂಟರ್ ಒತ್ತಿದ ಮೇಲೆ ಕೈ ಕಟ್ಟಿ ಕೂರಿ ಎಂದು ನಿಮಗೂ ಹೇಳುತ್ತೇನೆ.